ಕನ್ನಗಳ್ಳತನವಾದ ಮನೆಯವರು ಪೋಲೀಸಿನಲ್ಲಿಯೂ ವಿಮಾ ಕಂಪೆನಿಯಲ್ಲಿಯೂ ನಡೆದುಕೊಳ್ಳತಕ್ಕ ಕ್ರಮ

ಬೆಳೆಯು ಹೊಲದಲ್ಲಿಯೂ ತೋಟದಲ್ಲಿಯೂ ನಿಂತಿರುವಾಗ ಅದಕ್ಕೆ ಬರತಕ್ಕ ಕೊಳೆರೋಗ, ಹುಳು, ಹಂದಿ, ಮಂಗ ಮುಂತಾದ ಕೇಡುಗಳ ವಿಷಯದಲ್ಲಿ ರೈತನು ಹಗಲಿರುಳೂ ಎಚ್ಚರದಿಂದಿರುವನು. ಅದೇ ಬೆಳೆಯು ಕೊಯಿಲಾಗಿ, ಹಸನಾಗಿ, ಚೀಲಗಳಲ್ಲಿ ತುಂಬಿ ಮನೆಯ ಅಟ್ಟವನ್ನು ಸೇರಿದ ಮೇಲೆ ಆ ಎಚ್ಚರವು ಸಡಿಲವಾಗುವುದುಂಟು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಧಾರಣೆ ಏರುವವರೆಗೆ ಅಡಕೆಯನ್ನು ತಿಂಗಳುಗಟ್ಟಲೆ ಮನೆಯಲ್ಲಿಯೇ ಇಟ್ಟುಕೊಳ್ಳುವುದು ವಾಡಿಕೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಡೆ ಕಾಫಿ ಮತ್ತು ಮೆಣಸಿನ ವಿಷಯವೂ ಹಾಗೆಯೇ. ರಾಶಿ ಅಡಕೆಯ ಧಾರಣೆಯು ಈಚಿನ ವರ್ಷಗಳಲ್ಲಿ ಕ್ವಿಂಟಾಲಿಗೆ 40,000 ರೂಪಾಯಿಗಳನ್ನು ಮೀರಿ ನಡೆದಿರುವುದರಿಂದ, 65 ಕಿಲೋ ತೂಕದ ಒಂದು ಚೀಲವು 26,000 ರೂಪಾಯಿಗಳಿಗೆ ಕಡಿಮೆಯಾದ ಪದಾರ್ಥವಲ್ಲ. ಇಬ್ಬರು ಹೊತ್ತುಕೊಂಡು ಹೋಗಬಹುದಾದ, ಮೈಮೇಲೆ ಗುರುತಿಲ್ಲದ, ಎಲ್ಲಿ ಬೇಕಾದರೂ ಮಾರಬಹುದಾದ ಇಂಥ ಐಶ್ವರ್ಯವು ಹಿತ್ತಿಲ ಬಾಗಿಲಿನ ಒಂದು ಚಿಲಕದ ಹಿಂದೆ ಇರುವುದೆಂದರೆ, ಕಳ್ಳನಿಗೆ ಅದು ಬಂಗಾರಕ್ಕಿಂತಲೂ ಅನುಕೂಲವೇ ಸರಿ.

ಕಳವನ್ನು ತಡೆಯತಕ್ಕ ಉಪಾಯಗಳನ್ನು ಬಹಳ ಮಂದಿ ಬಲ್ಲರು. ಕಳವು ನಡೆದುಹೋದ ಮೇಲೆ ಏನು ಮಾಡತಕ್ಕದ್ದೆಂಬುದನ್ನು ಬಲ್ಲವರು ಕಡಿಮೆ. ಪೋಲೀಸಿನ ವ್ಯವಹಾರವೂ ವಿಮೆಯ ವ್ಯವಹಾರವೂ ಬೇರೆ ಬೇರೆಯಾಗಿ ಕಂಡರೂ, ಎರಡೂ ನಿಲ್ಲುವುದು ಮೊದಲನೆಯ ದಿನ ಬರೆದ ಒಂದೆರಡು ಹಾಳೆಗಳ ಮೇಲೆ. ಆ ಹಾಳೆಗಳಲ್ಲಿ ತಪ್ಪಿದ್ದನ್ನು ಆಮೇಲೆ ಸರಿಪಡಿಸುವುದು ಅಸಾಧ್ಯವಲ್ಲದಿದ್ದರೂ ಬಹು ಪ್ರಯಾಸದ ಕೆಲಸ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಊರಿನಿಂದ ಅರ್ಧ ಮೈಲಿ ಒಳಗಿರುವ ಒಂಟಿಮನೆ. ಮನೆಯವರೆಲ್ಲರೂ ನೆಂಟರ ಮದುವೆಗೆ ಹೋಗಿ ಮರುದಿನ ಬೆಳಗ್ಗೆ ಹಿಂತಿರುಗಿದರು. ಹಿತ್ತಿಲ ಬಾಗಿಲಿನ ಚಿಲಕ ಮುರಿದಿತ್ತು. ಅಟ್ಟದ ಮೇಲೆ ಅಡಕೆಯ ಚೀಲಗಳು ಕಡಿಮೆಯಾಗಿದ್ದುವು. ಬೀರುವಿನಲ್ಲಿದ್ದ ಎರಡೆಳೆಯ ಸರ, ನಾಲ್ಕು ಬಳೆ, ಸ್ವಲ್ಪ ನಗದು ಹೋಗಿದ್ದುವು. ಯಜಮಾನರು ತಲೆಯ ಮೇಲೆ ಕೈಹೊತ್ತು ಕುಳಿತರು. ಚೆಲ್ಲಾಡಿದ ಬಟ್ಟೆಬರೆಗಳನ್ನು ಹೆಂಗಸರು ಎತ್ತಿಟ್ಟು, ಕಳ್ಳರು ಮೆಟ್ಟಿದ ನೆಲವೆಂದು ಅಡಿಗೆಮನೆಯನ್ನು ಗುಡಿಸಿ ಸಾರಿಸಿದರು. ಸುದ್ದಿ ತಿಳಿದು ಬಂದ ಹತ್ತಿಪ್ಪತ್ತು ಜನ ಮುರಿದ ಚಿಲಕವನ್ನು ಒಬ್ಬೊಬ್ಬರಾಗಿ ಕೈಯಲ್ಲಿ ಹಿಡಿದು ನೋಡಿದರು. ಮಧ್ಯಾಹ್ನ ಠಾಣೆಗೆ ಹೋದಾಗ ಎಷ್ಟು ಚೀಲ ಹೋಯಿತೆಂದು ಕೇಳಿದ್ದಕ್ಕೆ "ಒಂದು ಹತ್ತು ಚೀಲ ಆಗಬಹುದು" ಎಂದು ಯಜಮಾನರು ಹೇಳಿದರು. ಮೂರು ದಿನಗಳ ಮೇಲೆ ಲೆಕ್ಕ ನೋಡಿದಾಗ ಹೋದದ್ದು ಆರು ಚೀಲವೆಂದು ಗೊತ್ತಾಯಿತು. ಈ ಮನೆಯವರಲ್ಲಿ ಯಾರೂ ಮೋಸಗಾರರಲ್ಲ. ಆದರೂ ಅರ್ಧ ದಿನದಲ್ಲಿ ತಮ್ಮ ಮೊಕದ್ದಮೆಯನ್ನು ತಾವೇ ಕೆಡಿಸಿಕೊಂಡರು.

ಬಾಗಿಲು ಮುರಿದಿರುವುದು ಕಂಡಕೂಡಲೆ ಮನೆಯ ಹೊರಗೆ ನಿಲ್ಲುವುದೇ ಮೊದಲನೆಯ ಕೆಲಸ. ಕಳ್ಳನು ಇನ್ನೂ ಒಳಗೆ ಇರಬಹುದೆಂಬ ಭಯ ಒಂದು. ಚಿಲಕ, ಬೀರುವಿನ ಹಿಡಿಕೆ, ಕಿಟಕಿಯ ಸರಳು ಇವುಗಳ ಮೇಲೆ ಬೆರಳಿನ ಗುರುತುಗಳೂ, ಹಿತ್ತಿಲ ತೇವದ ಮಣ್ಣಿನಲ್ಲಿ ಹೆಜ್ಜೆಯ ಮತ್ತು ವಾಹನದ ಚಕ್ರದ ಗುರುತುಗಳೂ ಇರುವುವೆಂಬುದು ಎರಡನೆಯದು. ಪೋಲೀಸು ನಾಯಿಯು ಹಿಡಿಯತಕ್ಕ ವಾಸನೆಯು ಹತ್ತಾರು ಜನರ ಓಡಾಟದಿಂದ ಕಲಸಿಹೋಗುವುದು. ಆದಕಾರಣ 112 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸಿ, ಪೋಲೀಸಿನವರು ಬರುವವರೆಗೆ ಬಾಗಿಲಲ್ಲಿ ಒಬ್ಬರನ್ನು ಕಾವಲಿರಿಸುವುದು ಉತ್ತಮ. ಕೊಟ್ಟಿಗೆಯ ಕೆಲಸ ನಿಲ್ಲಲಾರದು. ಹಾಲು ಕರೆಯಬೇಕು, ಹುಲ್ಲು ಹಾಕಬೇಕು. ಅದಕ್ಕೆ ಬೇರೆ ದಾರಿಯಿಂದ ಹೋಗಿಬರಬಹುದು. ಒಳಗೆ ಹೋಗಲೇಬೇಕಾದರೆ ಏನನ್ನೂ ಮುಟ್ಟದೆ, ಮೊಬೈಲಿನಲ್ಲಿ ಮುರಿದ ಭಾಗ, ತೆರೆದ ಬೀರು, ಅಟ್ಟದ ಏಣಿ, ಉಳಿದಿರುವ ಚೀಲಗಳ ಸಾಲು ಇವುಗಳ ಚಿತ್ರಗಳನ್ನು ದೂರದಿಂದಲೂ ಹತ್ತಿರದಿಂದಲೂ ತೆಗೆದಿಟ್ಟುಕೊಳ್ಳತಕ್ಕದ್ದು. ಸಾರಿಸಿದ ನೆಲವು ಮಡಿಯಾಗಬಹುದು, ಆದರೆ ಸಾಕ್ಷಿ ಹೇಳಲಾರದು.

ಇನ್ನು ದೂರಿನ ವಿಷಯ. 2024ನೆಯ ಇಸವಿ ಜುಲೈ 1ರಿಂದ ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ, ಪೀನಲ್ ಕೋಡಿನ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ ಜಾರಿಯಲ್ಲಿವೆ. ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಂತೆ ದೂರನ್ನು ಬಾಯಿಮಾತಿನಲ್ಲಿ ಹೇಳಿದರೂ ಠಾಣೆಯ ಅಧಿಕಾರಿಯು ಅದನ್ನು ಬರೆದುಕೊಂಡು, ಓದಿಹೇಳಿ, ರುಜು ಪಡೆಯಬೇಕು. ಓದಿಹೇಳದ ಬರಹಕ್ಕೆ ರುಜು ಹಾಕುವುದು ದೂರುಗಾರನದೇ ತಪ್ಪು. ಪ್ರಥಮ ವರ್ತಮಾನ ವರದಿಯ ಒಂದು ಪ್ರತಿಯನ್ನು ಖರ್ಚಿಲ್ಲದೆ ಕೊಡತಕ್ಕದ್ದೆಂದು ಅದೇ ಪ್ರಕರಣದಲ್ಲಿದೆ. ಇದನ್ನು ಕೇಳಿ ಪಡೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಕಳವಾದ ಸ್ಥಳವು ಬೇರೆ ಠಾಣೆಯ ಸರಹದ್ದಿಗೆ ಸೇರಿದ್ದರೂ, ಮೊದಲು ಹೋದ ಠಾಣೆಯಲ್ಲಿ ದೂರನ್ನು ತೆಗೆದುಕೊಳ್ಳಬೇಕು. ಎರಡು ತಾಲ್ಲೂಕುಗಳ ಗಡಿಯಲ್ಲಿರುವ ತೋಟದವರಿಗೆ ಇದು ದೊಡ್ಡ ಅನುಕೂಲ. ವಿದ್ಯುನ್ಮಾನ ಮಾರ್ಗದಿಂದಲೂ ದೂರನ್ನು ಕಳುಹಿಸಬಹುದು, ಆದರೆ ಮೂರು ದಿವಸಗಳೊಳಗೆ ಹೋಗಿ ರುಜು ಹಾಕಬೇಕು. ಈ ಜಾತಿಯ ಅಪರಾಧದ ವರ್ತಮಾನ ಬಂದಾಗ ಅದನ್ನು ದಾಖಲು ಮಾಡಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೇ ತೀರ್ಮಾನಿಸಿದೆ. ಠಾಣೆಯಲ್ಲಿ ನಿರಾಕರಿಸಿದರೆ ಅದೇ ದೂರನ್ನು ಜಿಲ್ಲಾ ಪೋಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯ ಮೂಲಕ ಕಳುಹಿಸಿ, ಅಲ್ಲಿಯೂ ಫಲವಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು.

ಕಾಣೆಯಾದ ಪದಾರ್ಥಗಳಿಗಾಗಿ ಪೋಲೀಸ್ ಇಲಾಖೆಯವರು ಇಟ್ಟಿರುವ ಇ-ಲಾಸ್ಟ್ ಎಂಬ ವ್ಯವಸ್ಥೆಯಲ್ಲಿ ಕಳುವಿನ ಸಂಗತಿಯನ್ನು ಬರೆದು, ಬಂದ ರಸೀತಿಯನ್ನು ಭದ್ರವಾಗಿಟ್ಟುಕೊಂಡು ನಿಶ್ಚಿಂತರಾಗುವವರೂ ಇದ್ದಾರೆ. ಅದು ದಾರಿಯಲ್ಲಿ ಬಿದ್ದುಹೋದ ಕಾಗದಪತ್ರ, ಮೊಬೈಲು ಮುಂತಾದುವುಗಳಿಗೆ ಮಾತ್ರ. ಆ ರಸೀತಿಯಿಂದ ತನಿಖೆಯೂ ನಡೆಯದು, ವಿಮೆಯ ಹಣವೂ ಬಾರದು.

ದೂರಿನಲ್ಲಿ ಬೀಗ ಅಥವಾ ಚಿಲಕ ಮುರಿದದ್ದನ್ನು ಸ್ಪಷ್ಟವಾಗಿ ಬರೆಯಿಸುವುದು ಅತ್ಯವಶ್ಯ. ಬರಿಯ ಕಳವಿಗೂ ಕನ್ನಗಳವಿಗೂ ಕಾನೂನಿನಲ್ಲಿ ಬಹಳ ಅಂತರವಿದೆ. ಬಯಲಿನಲ್ಲಿ ಬಿದ್ದಿದ್ದ ಪದಾರ್ಥದ ಸಾಧಾರಣ ಕಳವಿಗೆ ಮೂರು ವರ್ಷಗಳವರೆಗಿನ ಶಿಕ್ಷೆ. ವಾಸದ ಮನೆಯಿಂದಾಗಲಿ, ಸ್ವತ್ತನ್ನು ಇಡುವುದಕ್ಕಾಗಿ ಇರುವ ಕಟ್ಟಡದಿಂದಾಗಲಿ ಕದ್ದರೆ ನ್ಯಾಯ ಸಂಹಿತೆಯ 305ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಆಗಬಹುದು. ಆದ್ದರಿಂದ ಅಡಕೆಯ ಕಣಜದ ಕೊಠಡಿ, ಗೊಬ್ಬರದ ಉಗ್ರಾಣ ಸಹ ಈ ರಕ್ಷಣೆಯೊಳಗೆ ಬರುವುವು. ಸೂರ್ಯಾಸ್ತವಾದ ಮೇಲೆ ಸೂರ್ಯೋದಯಕ್ಕೆ ಮುಂಚೆ ಕಳವಿಗಾಗಿ ಮನೆಯನ್ನು ಒಡೆದು ನುಗ್ಗಿದರೆ 331ನೆಯ ಪ್ರಕರಣದಂತೆ ಹದಿನಾಲ್ಕು ವರ್ಷಗಳವರೆಗೆ, ಹಗಲಿನಲ್ಲಾದರೆ ಹತ್ತು ವರ್ಷಗಳವರೆಗೆ. ಹೋದ ಪದಾರ್ಥದ ಬೆಲೆ ಅಲ್ಪವಾದರೂ ಒಡೆದು ನುಗ್ಗಿದ ಅಪರಾಧವು ಅಲ್ಪವಾಗುವುದಿಲ್ಲ. ಏಳು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯವನ್ನು ಸಂಗ್ರಹಿಸಬೇಕೆಂಬ ಏರ್ಪಾಡನ್ನು ಹೊಸ ಸಂಹಿತೆ ಮಾಡಿದ್ದು, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯನ್ನು ಕೊಟ್ಟಿದೆ. "ಮನೆಯಲ್ಲಿ ಕಳವಾಗಿದೆ" ಎಂದಷ್ಟೇ ಬರೆದ ದೂರಿನಲ್ಲಿ ಇವೆಲ್ಲವೂ ಮರೆಯಾಗಿ ಹೋಗುವುವು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಕಳುವಾದ ಪದಾರ್ಥಗಳ ಪಟ್ಟಿ. ಇದರಲ್ಲಿ ರೈತನಿಗೆ ಪೇಟೆಯವನಿಗಿಲ್ಲದ ಒಂದು ಕಷ್ಟವುಂಟು. ಅಂಗಡಿಯಲ್ಲಿ ಕೊಂಡ ಪದಾರ್ಥಕ್ಕೆ ಬಿಲ್ಲಿರುತ್ತದೆ, ತನ್ನ ತೋಟದಲ್ಲಿ ಬೆಳೆದ ಅಡಕೆಗೆ ಬಿಲ್ಲು ಕೊಡುವವರಾರು? ಆದರೆ ಹುಡುಕಿದರೆ ಲೆಕ್ಕವು ಮನೆಯೊಳಗೇ ಹರಡಿಕೊಂಡಿರುವುದು. ಕೊನೆಗೌಡನಿಗೆ ಎಷ್ಟು ಕೊನೆಗೆ ಕೂಲಿ ಕೊಟ್ಟಿತು, ಸುಲಿಯುವವರಿಗೆ ಎಷ್ಟು ಕಿಲೋಗೆ ಕೊಟ್ಟಿತು ಎಂಬುದನ್ನು ಬರೆದಿಟ್ಟ ಪುಸ್ತಕ ಒಂದು ಸಾಕ್ಷಿ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಸಹಕಾರ ಸಂಘಕ್ಕೆ ಅಥವಾ ಮಂಡಿಗೆ ಹಾಕಿದ ಮಾಲಿನ ಪಟ್ಟಿಗಳಿಂದ ತೋಟದ ಸರಾಸರಿ ಉತ್ಪತ್ತಿ ತಿಳಿಯುವುದು. ಈ ವರ್ಷ ಮಾರಿದ್ದು ಇಷ್ಟು, ಅಟ್ಟದಲ್ಲಿ ಉಳಿದಿರುವುದು ಇಷ್ಟು, ಆದ್ದರಿಂದ ಹೋದದ್ದು ಇಷ್ಟು ಎಂದು ಮೂರು ಸಾಲಿನಲ್ಲಿ ತೋರಿಸಿದರೆ ಯಾವ ಅಧಿಕಾರಿಯೂ ಅದನ್ನು ಸುಲಭವಾಗಿ ತಳ್ಳಿಹಾಕಲಾರನು. ರಾಶಿಯೋ, ಬೆಟ್ಟೆಯೋ, ಗೊರಬಲೋ, ಚಾಲಿಯೋ ಎಂಬುದನ್ನು ಬರೆಯದೆ "ಅಡಕೆ" ಎಂದಷ್ಟೇ ಬರೆದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗುವುದು. ಚೀಲ ಗೋಣಿಯದೋ ಪ್ಲಾಸ್ಟಿಕ್ಕಿನದೋ, ಬಾಯಿ ಹೊಲಿದ ದಾರ ಯಾವ ಬಣ್ಣದ್ದು ಎಂಬುದು ಸಹ ಪತ್ತೆಗೆ ಉಪಯೋಗಕ್ಕೆ ಬರುವುದು.

ಒಡವೆಗಳ ವಿಷಯದಲ್ಲಿ ಬಿಲ್ಲಿಲ್ಲದಿದ್ದರೆ ಧೈರ್ಯಗೆಡಬೇಕಾಗಿಲ್ಲ. ಮದುವೆ, ಉಪನಯನಗಳ ಚಿತ್ರಗಳಲ್ಲಿ ಆ ಸರವೋ ಬಳೆಯೋ ಕಾಣಬಹುದು. ಎಂದಾದರೊಮ್ಮೆ ಬೆಳೆಸಾಲಕ್ಕಾಗಿ ಅದೇ ಒಡವೆಯನ್ನು ಸಹಕಾರ ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ, ಬ್ಯಾಂಕಿನ ಅಕ್ಕಸಾಲಿಗನು ತೂಗಿ ಬರೆದ ಚೀಟಿಯಲ್ಲಿ ತೂಕ ಸರಿಯಾಗಿ ಸಿಕ್ಕುವುದು. ಒಡವೆ ಅಡವಿಟ್ಟಿದ್ದನ್ನು ಹೇಳಿಕೊಳ್ಳುವುದಕ್ಕೆ ನಾಚಿ ಈ ದಾಖಲೆಯನ್ನು ಮುಚ್ಚಿಡುವ ಮನೆಗಳೂ ಉಂಟು. ನಾಚಿಕೆಯಿಂದ ನಷ್ಟವೇ ಹೊರತು ಲಾಭವಿಲ್ಲ. ಬೀರುವಿನೊಂದಿಗೆ ಕ್ರಯಪತ್ರಗಳೂ ಹೋಗಿದ್ದರೆ ಅವುಗಳನ್ನೂ ದೂರಿನಲ್ಲಿ ಸೇರಿಸತಕ್ಕದ್ದು. ನೋಂದಣಿಯಾದ ಪತ್ರಗಳ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ದೊರೆಯುತ್ತದೆ.

ಮೊದಲ ದಿನ ಎಲ್ಲವೂ ಜ್ಞಾಪಕಕ್ಕೆ ಬರುವುದು ಕಷ್ಟ. ಅಂಥ ಸಂದರ್ಭದಲ್ಲಿ ಊಹೆಯ ಅಂಕಿಯನ್ನು ಹೇಳದೆ, "ಅಡಕೆಯ ಚೀಲಗಳು ಹೋಗಿವೆ, ಎಣಿಸಿ, ತೂಕ ನೋಡಿ ಪಟ್ಟಿಯನ್ನು ಒದಗಿಸಲಾಗುವುದು" ಎಂದು ಬರೆಯಿಸಬಹುದು. ಮೇಲೆ ಹೇಳಿದ ಯಜಮಾನರಂತೆ ಆರಕ್ಕೆ ಹತ್ತು ಎಂದು ಹೇಳಿಯಾಗಿದ್ದರೆ, ತಿಳಿದಕೂಡಲೆ ತನಿಖಾಧಿಕಾರಿಗೆ ಪೂರಕ ಹೇಳಿಕೆಯನ್ನು ಬರೆದುಕೊಟ್ಟು, ಲೆಕ್ಕವು ಹೇಗೆ ಸಿಕ್ಕಿತೆಂಬುದನ್ನು ಅದರಲ್ಲಿ ವಿವರಿಸಿ, ನಕಲಿನ ಮೇಲೆ ಠಾಣೆಯ ಮೊಹರನ್ನು ಪಡೆಯತಕ್ಕದ್ದು. ತಾನಾಗಿ ತಿದ್ದಿಕೊಂಡ ತಪ್ಪನ್ನು ಜನರು ಕ್ಷಮಿಸುವರು. ಇತರರು ಕಂಡುಹಿಡಿದ ತಪ್ಪಿಗೆ ಸುಳ್ಳೆಂದು ಹೆಸರು. ಈ ಮಾತು ಮುಖ್ಯವಾಗಿ ವಿಮೆಗೆ ಅನ್ವಯಿಸುತ್ತದೆ. ನಷ್ಟವನ್ನು ಬೇಕೆಂದು ಹೆಚ್ಚಿಸಿ ಹೇಳಿದರೆ ನಿಜವಾದ ನಷ್ಟದ ಹಣವೂ ಇಲ್ಲದಂತಾಗುವುದೆಂಬ ಷರತ್ತು ಸಾಮಾನ್ಯವಾಗಿ ಎಲ್ಲ ಪಾಲಿಸಿಗಳಲ್ಲಿಯೂ ಇರುತ್ತದೆ.

ಇಲ್ಲಿ ಗ್ರಾಮದ ಪ್ರಮುಖರ ಕರ್ತವ್ಯವನ್ನು ಹೇಳಬೇಕಾಗಿದೆ. ವಂಶಪಾರಂಪರ್ಯವಾದ ಪಟೇಲಿಕೆ, ತಳವಾರಿಕೆಗಳು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನಿನಿಂದ ಹೋದುವು. ಆದರೂ ಸುರಕ್ಷಾ ಸಂಹಿತೆಯ 34ನೆಯ ಪ್ರಕರಣವು, ಗ್ರಾಮ ಪಂಚಾಯಿತಿಯ ಸದಸ್ಯರನ್ನೂ ಗ್ರಾಮದ ಮುಖ್ಯಸ್ಥರನ್ನೂ ಹೆಸರಿಸಿ, ಕಳವಿನ ಮಾಲನ್ನು ಕೊಂಡು ಮಾರುವನೆಂದು ಹೆಸರಾದವನು ಗ್ರಾಮದಲ್ಲಿ ವಾಸವಾಗಿದ್ದರೆ ಅಥವಾ ಗ್ರಾಮದಲ್ಲಿಯಾಗಲಿ ಸಮೀಪದಲ್ಲಿಯಾಗಲಿ ಜಾಮೀನಿಲ್ಲದ ಅಪರಾಧ ನಡೆದರೆ ಮ್ಯಾಜಿಸ್ಟ್ರೇಟರಿಗೋ ಸಮೀಪದ ಠಾಣೆಗೋ ಕೂಡಲೆ ತಿಳಿಸತಕ್ಕದ್ದೆಂದು ವಿಧಿಸುತ್ತದೆ. ಅಡಕೆಯ ಕಳವು ನಿಲ್ಲದಿರುವುದಕ್ಕೆ ಕದಿಯುವವನಷ್ಟೇ, ಪಟ್ಟಿಯಿಲ್ಲದೆ ಕೊಳ್ಳುವವನೂ ಕಾರಣ. ಅವನು ಯಾರೆಂಬುದು ಊರಿನಲ್ಲಿ ಅನೇಕರಿಗೆ ತಿಳಿದೇ ಇರುವುದು.

ಮಹಜರಿಗೆ ಪಂಚರಾಗಿ ರುಜು ಹಾಕುವುದಕ್ಕೆ ಕೋರ್ಟಿನ ಅಲೆದಾಟಕ್ಕೆ ಹೆದರಿ ಹಿರಿಯರು ಹಿಂಜರಿಯುವುದುಂಟು. ಆಗ ರುಜು ಹಾಕುವವರು ಯಾರೋ ದಾರಿಹೋಕರು; ಮೊಕದ್ದಮೆ ನಡೆಯುವ ಹೊತ್ತಿಗೆ ಅವರು ಸಿಕ್ಕುವುದಿಲ್ಲ. ಊರಿನಲ್ಲಿ ನೆಲೆಯಾಗಿರುವ ಇಬ್ಬರು ನಿಂತು, ಚಿಲಕ ಮುರಿದದ್ದು ಒಳಗಿನಿಂದಲೋ ಹೊರಗಿನಿಂದಲೋ, ಎಷ್ಟು ಚೀಲ ಉಳಿದಿವೆ ಎಂಬುದನ್ನು ಕಣ್ಣಾರೆ ನೋಡಿ, ಓದಿಸಿಕೊಂಡು ರುಜು ಹಾಕಿದ ಮಹಜರು ನೆರೆಮನೆಯವನಿಗೆ ಮಾಡಬಹುದಾದ ದೊಡ್ಡ ಉಪಕಾರ.

ಇದಕ್ಕಿಂತಲೂ ಸೂಕ್ಷ್ಮವಾದುದು ಸಂಶಯದ ವಿಷಯ. ನಮ್ಮ ಉದಾಹರಣೆಯ ಮನೆಯಲ್ಲಿ ಎರಡು ಸುಗ್ಗಿಯಿಂದ ಕೆಲಸಕ್ಕಿದ್ದ ಹೊರಜಿಲ್ಲೆಯ ಒಬ್ಬ ಆಳಿನ ಮೇಲೆ ಎಲ್ಲರ ಕಣ್ಣೂ ಬಿದ್ದಿತೆನ್ನಬಹುದು. ಅಂಜನ ಹಾಕುವವನೊಬ್ಬನು "ದಕ್ಷಿಣ ದಿಕ್ಕಿನ ಕಪ್ಪು ಮನುಷ್ಯ" ಎಂದನು. ಆ ಹುಡುಗನನ್ನು ಜಗಲಿಗೆ ಕರೆಸಿ ನಾಲ್ಕು ಜನ ಸುತ್ತ ನಿಂತು ಕೇಳಿದರು. ಅವನು ಹೆದರಿ ಆ ರಾತ್ರಿಯೇ ಊರು ಬಿಟ್ಟನು. ಓಡಿಹೋದದ್ದೇ ತಪ್ಪಿಗೆ ಸಾಕ್ಷಿಯೆಂದು ಎಲ್ಲರೂ ತಲೆಯಾಡಿಸಿದರು. ಇಂಥ ವಿಚಾರಣೆಯನ್ನು ಮಾಡುವ ಅಧಿಕಾರ ಊರಿನವರಿಗೆ ಇಲ್ಲ. ಕಟ್ಟಿಹಾಕುವುದು, ಹೊಡೆಯುವುದು ತಾನೇ ಅಪರಾಧ, ಅದರಲ್ಲಿ ಮನೆಯ ಯಜಮಾನನೇ ಆರೋಪಿಯಾಗುವನು. ಅಲ್ಲದೆ ಮನೆಯ ಆಳುಕಾಳುಗಳು ಅಥವಾ ಕುಟುಂಬದವರು ಸೇರಿ ಮಾಡಿದ ಕಳವಿಗೆ ಹಣ ಕೊಡುವುದಿಲ್ಲವೆಂದು ಕನ್ನಗಳವಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಬರಿಯ ಊಹೆಯಿಂದ ಆಳಿನ ಹೆಸರನ್ನು ದೂರಿನಲ್ಲಿ ಬರೆಯಿಸಿದವನು ಒಬ್ಬ ನಿರಪರಾಧಿಯ ಅನ್ನವನ್ನೂ ತನ್ನ ವಿಮೆಯನ್ನೂ ಒಟ್ಟಿಗೆ ಕಳೆದುಕೊಳ್ಳಬಹುದು. ಹಾಗೆಂದು ಕಂಡದ್ದನ್ನು ಮುಚ್ಚಿಡಬೇಕೆಂದಲ್ಲ. ಹಿಂದಿನ ದಿನ ಯಾವ ವಾಹನ ಬಂದಿತ್ತು, ಮದುವೆಗೆ ಹೋಗುವ ಸಂಗತಿ ಯಾರಿಗೆ ತಿಳಿದಿತ್ತು, ನಾಯಿ ಏಕೆ ಬೊಗಳಲಿಲ್ಲ ಎಂಬಿವನ್ನು ಕಂಡಂತೆ ಹೇಳಿ, ತೀರ್ಮಾನವನ್ನು ತನಿಖೆಗೆ ಬಿಡತಕ್ಕದ್ದು.

ಇನ್ನು ವಿಮೆ. ಮೇಲ್ಕಂಡ ಯಜಮಾನರು ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದು ಓದಿಸಿದ್ದು ಕಳವಾದ ಐದನೆಯ ದಿನ. ಬ್ಯಾಂಕಿನ ಸಾಲದ ಕಾಲದಲ್ಲಿ ರುಜು ಹಾಕಿದ್ದ ಆ ಕಾಗದದಲ್ಲಿ ಬೆಂಕಿಗೆ ಕಟ್ಟಡವೂ, ಕನ್ನಗಳವಿಗೆ ಮನೆಯ ಸಾಮಾನು ಒಡವೆಗಳೂ ಸೇರಿದ್ದುವು. ಅಡಕೆಯ ಹೆಸರೇ ಇರಲಿಲ್ಲ. ಮಾರಾಟಕ್ಕಾಗಿ ಇಟ್ಟ ಉತ್ಪನ್ನವು ಸಾಮಾನ್ಯವಾಗಿ ಮನೆಯ ಸಾಮಾನೆಂದು ಎಣಿಸಲ್ಪಡುವುದಿಲ್ಲ. ಅದಕ್ಕೆ ದಾಸ್ತಾನಿನ ಮೇಲೆ ಬೇರೆ ವಿಮೆ ಮಾಡಿಸಬೇಕು. ಒಂದೂವರೆ ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಆರು ಚೀಲ ಹೀಗೆ ಲೆಕ್ಕಕ್ಕಿಲ್ಲದೆ ಹೋದುವು.

ಎಲ್ಲ ವಿಮೆಯೂ ಎಲ್ಲ ಕಷ್ಟಕ್ಕೂ ಆಗುವುದೆಂಬ ಭ್ರಮೆ ಹಳ್ಳಿಗಳಲ್ಲಿ ಬಹಳ. 2021ನೆಯ ಇಸವಿ ಏಪ್ರಿಲ್ 1ರಿಂದ ಮನೆಗಳಿಗೆ ಕೊಡುತ್ತಿರುವ ಭಾರತ್ ಗೃಹ ರಕ್ಷಾ ಎಂಬ ಮಾದರಿ ಪಾಲಿಸಿಯು ಬೆಂಕಿ, ನೆರೆ, ಬಿರುಗಾಳಿ, ಭೂಕಂಪ ಮುಂತಾದುವಕ್ಕೆ ಸಂಬಂಧಿಸಿದ್ದು. ಅಂಥ ಆಪತ್ತು ಸಂಭವಿಸಿದ ಏಳು ದಿನಗಳೊಳಗೆ ಅದರ ಕಾರಣದಿಂದಲೇ ಆದ ಕಳವಿಗೆ ಮಾತ್ರ ಅದು ಹೊಣೆ. ಸಾಧಾರಣ ಕನ್ನಗಳವು ಅದರಲ್ಲಿ ಬಾರದು. ಫಸಲ್ ಬಿಮಾ ಯೋಜನೆಯು ಕಳವಿಗೆ ಹೊಣೆಯಲ್ಲ. ಜಾನುವಾರು ವಿಮೆಯಲ್ಲಿ ಸಾವಿಗೆ ಹಣ ಬರುವುದೇ ಹೊರತು, ಹಸು ಕಳುವಾದರೆ ಅಥವಾ ಕಾಣೆಯಾದರೆ ಸಾಮಾನ್ಯವಾಗಿ ಬರುವುದಿಲ್ಲ. ನೀರೆತ್ತುವ ಪಂಪುಸೆಟ್ಟಿನ ವಿಮೆಯಲ್ಲಿ ಮಾತ್ರ ಕಳವೂ ಸೇರಿರುವುದು ವಾಡಿಕೆ. ಈಗ ಹೆಚ್ಚಾಗಿ ಹೋಗುತ್ತಿರುವ ತಾಮ್ರದ ಕೇಬಲ್ಲು ಅದರಲ್ಲಿ ಸೇರಿದೆಯೇ ಎಂಬುದನ್ನು ಕೇಳಿಕೊಳ್ಳತಕ್ಕದ್ದು. ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟರೆ ಪೂರ್ಣ ಬೆಲೆಗೆ ಬ್ಯಾಂಕು ಹೊಣೆಯೆಂಬುದೂ ಸರಿಯಲ್ಲ. ರಿಸರ್ವ್ ಬ್ಯಾಂಕಿನ 2021ರ ಆಜ್ಞೆಯು 2022ನೆಯ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಂತೆ ಕಳವು, ಬೆಂಕಿ ಮುಂತಾದ ಸಂದರ್ಭಗಳಲ್ಲಿ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರರಷ್ಟು. 2,000 ರೂಪಾಯಿ ಬಾಡಿಗೆಯ ಲಾಕರಿಗೆ 2 ಲಕ್ಷ. ಆದರೂ ಹಿತ್ತಿಲ ಚಿಲಕಕ್ಕಿಂತ ಲಾಕರು ಮೇಲು.

ಕನ್ನಗಳವಿನ ಪಾಲಿಸಿಯಲ್ಲಿ ಎರಡು ವಿಷಯಗಳು ರೈತರನ್ನು ಹೆಚ್ಚಾಗಿ ಎಡವಿಸುವುವು. ಬಲಾತ್ಕಾರದಿಂದ ಒಳನುಗ್ಗಿದ ಗುರುತು ಇರಬೇಕೆಂಬುದು ಒಂದು. ಪಾಲಿಸಿಯ ಮಾತಿನಲ್ಲಿ ಹಾಗಿದ್ದರೆ, ಬಲಪ್ರಯೋಗವಿಲ್ಲದ ಬರಿಯ ಕಳವಿಗೆ ಹಣ ಸಲ್ಲದೆಂದು ಸುಪ್ರೀಂ ಕೋರ್ಟು 2004ರಲ್ಲಿ ತೀರ್ಪು ಕೊಟ್ಟಿದೆ. ಬೀಗದ ಕೈಯನ್ನು ಬಾಗಿಲ ಮೇಲಿನ ತೊಲೆಯ ಸಂದಿನಲ್ಲಿ ಇಟ್ಟುಹೋಗುವ ಪದ್ಧತಿ ನಮ್ಮ ಊರುಗಳಲ್ಲಿ ಎಷ್ಟು ಹಳೆಯದೋ ಕಳ್ಳರಿಗೂ ಅಷ್ಟೇ ಪರಿಚಿತ; ಆ ಕೈಯಿಂದಲೇ ಬೀಗ ತೆಗೆದು ಕದ್ದರೆ ಮುರಿದ ಗುರುತು ಎಲ್ಲಿಯೂ ಇರುವುದಿಲ್ಲ. ಮುರಿದ ಚಿಲಕವನ್ನು ಬಡಗಿಯನ್ನು ಕರೆಸಿ ಅಂದೇ ಬದಲಾಯಿಸಿದವರೂ ಇದೇ ಕಷ್ಟಕ್ಕೆ ಸಿಕ್ಕುವರು. ಭದ್ರತೆಗಾಗಿ ಬದಲಾಯಿಸಲೇಬೇಕಾದರೆ ಚಿತ್ರ ತೆಗೆದು, ಹಳೆಯ ಚಿಲಕವನ್ನೂ ಮುರಿದ ಚೌಕಟ್ಟಿನ ತುಂಡನ್ನೂ ಸರ್ವೆಯರು ನೋಡುವವರೆಗೆ ಜೋಪಾನವಾಗಿಡತಕ್ಕದ್ದು.

ಎರಡನೆಯದು ಸರಾಸರಿಯ ಷರತ್ತು. ಕಂತಿನ ಹಣವನ್ನು ಉಳಿಸುವುದಕ್ಕಾಗಿ 10 ಲಕ್ಷ ರೂಪಾಯಿಗಳ ದಾಸ್ತಾನಿಗೆ 5 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನು, 2 ಲಕ್ಷದ ಮಾಲು ಕಳುವಾದರೆ ತನಗೆ 2 ಲಕ್ಷವೂ ಬರುವುದೆಂದು ತಿಳಿಯುವನು. ಷರತ್ತಿನ ಪ್ರಕಾರ ಅರ್ಧ ಬೆಲೆಗೆ ವಿಮೆಯಿದ್ದುದರಿಂದ ನಷ್ಟದಲ್ಲಿಯೂ ಅರ್ಧ, ಅಂದರೆ 1 ಲಕ್ಷ ಮಾತ್ರ ಬರುವುದು. ಧಾರಣೆ ಏರಿದ ವರ್ಷಗಳಲ್ಲಿ ಹಳೆಯ ಬೆಲೆಗೇ ಪಾಲಿಸಿಯನ್ನು ಮುಂದುವರಿಸುವವರೂ ತಿಳಿಯದೆ ಈ ಬಲೆಗೆ ಬೀಳುವರು. ಇಂತಿಷ್ಟು ದಿನ ಮನೆ ಖಾಲಿಯಿದ್ದರೆ ಹೊಣೆಯಿಲ್ಲವೆಂಬ ಷರತ್ತೂ ಇರಬಹುದು. ಕಾಶೀಯಾತ್ರೆಗೆ ಹೊರಡುವ ಮುನ್ನ ಅದನ್ನು ಓದಿ ನೋಡುವುದು ಒಳ್ಳೆಯದು.

ಕಳವಾದ ಸಂಗತಿಯನ್ನು ವಿಮಾ ಕಂಪೆನಿಗೆ ಅಂದೇ ತಿಳಿಸಿ, ತಿಳಿಸಿದ್ದಕ್ಕೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಏಜೆಂಟನ ಕಿವಿಗೆ ಹಾಕಿದರೆ ಕಂಪೆನಿಗೆ ತಿಳಿಸಿದಂತಾಗುವುದಿಲ್ಲ. ಪೋಲೀಸಿನಲ್ಲಿ ತಕ್ಷಣ ದೂರು ಕೊಟ್ಟಿದ್ದರೆ ಕಂಪೆನಿಗೆ ತಿಳಿಸುವುದರಲ್ಲಿ ಆದ ವಿಳಂಬದಿಂದಲೇ ಹಣವನ್ನು ನಿರಾಕರಿಸಕೂಡದೆಂದು ವಾಹನ ಕಳವಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ; ಆದರೆ ಕೋರ್ಟಿನವರೆಗೆ ಹೋಗಿ ಗೆಲ್ಲುವುದಕ್ಕಿಂತ ಒಂದು ದಿನ ಮುಂಚೆ ಬರೆಯುವುದು ಅಗ್ಗ. ಕಂಪೆನಿಯಿಂದ ಬರುವ ಸರ್ವೆಯರು ಶತ್ರುವೂ ಅಲ್ಲ, ನೆಂಟನೂ ಅಲ್ಲ. ಅವನಿಗೆ ಪ್ರಥಮ ವರ್ತಮಾನ ವರದಿ, ಮಹಜರು, ಪೂರಕ ಹೇಳಿಕೆ, ಕೂಲಿಯ ಪುಸ್ತಕ, ಮಾರಾಟದ ಪಟ್ಟಿ ಇವುಗಳ ನಕಲನ್ನು ಕೊಟ್ಟು, ಯಾವುದನ್ನು ಎಂದು ಕೊಟ್ಟಿತೆಂದು ರುಜು ಪಡೆಯತಕ್ಕದ್ದು. ಪೋಲೀಸಿನ ಪಟ್ಟಿಯಲ್ಲಿ ನಾಲ್ಕು ಬಳೆ, ಕಂಪೆನಿಯ ಪಟ್ಟಿಯಲ್ಲಿ ಆರು ಬಳೆ ಎಂದಾದರೆ ಮುಂದೆ ಮಾತಿಗೆ ಸ್ಥಳವಿಲ್ಲ.

ಕಳ್ಳರು ಸಿಕ್ಕದಿದ್ದರೆ ಪೋಲೀಸಿನವರು ಪತ್ತೆಯಾಗದ ಮೊಕದ್ದಮೆಯೆಂದು ಕೋರ್ಟಿಗೆ ಕೊಡುವ ವರದಿಗೆ ನಮ್ಮಲ್ಲಿ ಸಿ ರಿಪೋರ್ಟೆಂದು ಹೆಸರು. ಕಂಪೆನಿಯವರು ಇದನ್ನು ಕೇಳುವುದುಂಟು. ತನಿಖೆ ಎಲ್ಲಿಗೆ ಬಂದಿತೆಂಬುದನ್ನು 90 ದಿನಗಳೊಳಗೆ ದೂರುಗಾರನಿಗೆ ತಿಳಿಸಬೇಕೆಂದು ಹೊಸ ಸಂಹಿತೆಯಲ್ಲಿದೆ. ಆ ದಿನಕ್ಕೆ ಸರಿಯಾಗಿ ಠಾಣೆಯಲ್ಲಿ ಬರವಣಿಗೆಯ ಮೂಲಕ ಕೇಳುವುದು ಒಳ್ಳೆಯದು. ಕಂಪೆನಿಯು ನಿರಾಕರಿಸಿದರೆ ಕಾರಣಸಹಿತವಾದ ಕಾಗದವನ್ನು ಪಡೆದು, ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆದು, ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗಾಗಿ ಅರ್ಜಿ ಕಳುಹಿಸಬಹುದು. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷಗಳ ಅವಧಿಯಿದೆ. "ಪೂರ್ಣ ಮತ್ತು ಕೊನೆಯ ಪಾವತಿ" ಎಂಬ ಕಾಗದಕ್ಕೆ, ಹಣ ಕಡಿಮೆಯೆಂದು ತೋರಿದರೆ, ತನ್ನ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ತಿಳಿಸದೆ ರುಜು ಹಾಕಬಾರದು.

ಅದೃಷ್ಟವಶಾತ್ ಮಾಲು ಸಿಕ್ಕಿದಾಗಲೂ ಕೆಲಸ ಮುಗಿಯುವುದಿಲ್ಲ. ಠಾಣೆಯಲ್ಲಿರುವ ಅಡಕೆ ಮಳೆಗಾಲದ ತೇವಕ್ಕೆ ಬೂಸು ಹಿಡಿದು ಬೆಲೆ ಕೆಡುವುದು. ಮುಟ್ಟುಗೋಲಾದ ಸ್ವತ್ತನ್ನು ಠಾಣೆಗಳಲ್ಲಿ ಬಹುಕಾಲ ಇಡಬಾರದೆಂದೂ, ಚಿತ್ರ ತೆಗೆದು, ಮಹಜರು ಮಾಡಿ, ಮುಚ್ಚಳಿಕೆ ಬರೆಯಿಸಿಕೊಂಡು ಹಕ್ಕುದಾರನಿಗೆ ಕೊಡಬೇಕೆಂದೂ ಸುಪ್ರೀಂ ಕೋರ್ಟು 2002ರಲ್ಲಿ ಸೂಚಿಸಿತು. ಸುರಕ್ಷಾ ಸಂಹಿತೆಯ 497ನೆಯ ಪ್ರಕರಣವು ಇದಕ್ಕೆ ದಿನಗಳನ್ನೇ ನಿಗದಿಮಾಡಿದೆ: ಸ್ವತ್ತು ಕೋರ್ಟಿನ ಮುಂದೆ ಬಂದ 14 ದಿನಗಳೊಳಗೆ ವಿವರಪಟ್ಟಿ, ಆಮೇಲೆ 30 ದಿನಗಳೊಳಗೆ ವಿಲೇವಾರಿಯ ಆಜ್ಞೆ. ಮಾಲು ಸಿಕ್ಕಿತೆಂದು ತಿಳಿದ ಕೂಡಲೆ ಈ ಪ್ರಕರಣದಂತೆ ಅರ್ಜಿ ಹಾಕಿಸತಕ್ಕದ್ದು.

ಆದರೆ ಅದು ತನ್ನದೇ ಎಂದು ತೋರಿಸುವುದು ಹೇಗೆ? ಒಂದು ತೋಟದ ರಾಶಿಗೂ ಇನ್ನೊಂದು ತೋಟದ ರಾಶಿಗೂ ಕಣ್ಣಿಗೆ ಭೇದವಿಲ್ಲ. ಚೀಲ ತುಂಬುವಾಗಲೇ ಹೊರಗೆ ಬಣ್ಣದಿಂದ ಒಂದು ಗುರುತನ್ನೂ, ಒಳಗೆ ಅಡಕೆಯ ನಡುವೆ ಹೆಸರು, ತಾರೀಖು, ತೂಕ ಬರೆದ ಒಂದು ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಯೂ ಹಾಕುವುದಕ್ಕೆ ಚೀಲಕ್ಕೆ ಎರಡು ನಿಮಿಷ ಸಾಕು. ಕಳ್ಳನು ಹೊರಗಿನ ಗುರುತನ್ನು ನೋಡಿ ಚೀಲ ಬದಲಾಯಿಸಿದರೂ ಒಳಗಿನ ಚೀಟಿ ಅಡಕೆಯೊಂದಿಗೇ ಸುರಿದುಹೋಗುವುದು. ಅದೇ ಸಂಖ್ಯೆಗಳನ್ನು ಮನೆಯ ಪುಸ್ತಕದಲ್ಲಿ ಬರೆದು, ಆ ಪುಟದ ಚಿತ್ರವನ್ನು ದೂರದ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಟ್ಟರೆ ಬೀರುವಿನೊಂದಿಗೆ ಅದು ಕಳುವಾಗುವ ಭಯವೂ ಇಲ್ಲ.

ವಿಮೆಯ ಹಣ ಬಂದ ಮೇಲೆ ಒಡವೆ ಸಿಕ್ಕಿದರೆ, ಹಣ ಕೊಟ್ಟಿರುವ ಮಟ್ಟಿಗೆ ಅದರ ಮೇಲೆ ಕಂಪೆನಿಗೆ ಹಕ್ಕುಂಟಾಗಿರುತ್ತದೆ. ನಾಲ್ಕು ಬಳೆಗಳಲ್ಲಿ ಎರಡು ಸಿಕ್ಕಿದರೆ ಮೊದಲು ಕಂಪೆನಿಗೆ ಕಾಗದ ಬರೆದು, ಬಂದ ಹಣದಲ್ಲಿ ಆ ಎರಡರ ಭಾಗವನ್ನು ಹಿಂದಿರುಗಿಸಿ ಬಳೆಗಳನ್ನು ಇಟ್ಟುಕೊಳ್ಳುವುದಕ್ಕೆ ಒಪ್ಪಿಗೆ ಕೇಳಬೇಕು. ಮನೆಯ ಹೆಂಗಸರಿಗೆ ಆ ಬಳೆಗಳೇ ಬೇಕಾಗಿರುವಲ್ಲಿ ಕಂಪೆನಿಯವರು ಸಾಮಾನ್ಯವಾಗಿ ಇದಕ್ಕೆ ಅಡ್ಡಿ ಮಾಡುವುದಿಲ್ಲ.